ಬಸವನಹುಳುವಿನ ಪ್ರೊಫೆಸರರು ಹೆಸರು ನೋಂದಾಯಿಸಿದ್ದು

"ಈ ಸಲ ಯಾರ ಹಂಗೂ ಬೇಡ. ಎಲ್ಲಾ ನಾನೊಬ್ಬನೇ ಮಾಡ್ತೀನಿ!"

ಹೀಗೆಂದು ಘೋಷಿಸಿ ಪ್ರೊಫೆಸರರು ದಂಡೆತ್ತಿ ಹೊರಟ ಸೇನಾಪತಿಯಂತೆ ಅಂಗಿಯ ತೋಳು ಮಡಚಿ ಕಂಪ್ಯೂಟರಿನ ಮುಂದೆ ಕುಳಿತರು. ಬಸವನಹುಳು ದಾರಿ ತಪ್ಪದೆ ತನ್ನ ಜಾಗಕ್ಕೆ ಮರಳುವುದು ಹೇಗೆ ಎಂದು, ವರ್ಷಗಟ್ಟಲೆ ತೇವದ ಗೋಡೆಗಳ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬರೆದ ಅವರ ಪ್ರಬಂಧ ದೊಡ್ಡ ವಿಚಾರ ಸಂಕಿರಣಕ್ಕೆ ಆಯ್ಕೆಯಾಗಿತ್ತು. ಹೆಸರು ನೋಂದಾಯಿಸಲು ಅಂದೇ ಕಡೆಯ ದಿನ. ತಪ್ಪಿದರೆ ಅಷ್ಟೂ ವರ್ಷದ ಕೆಲಸ ಚಿಪ್ಪಿನೊಳಗೇ ಉಳಿಯಬೇಕು!

ಆ ಮನೆಯಲ್ಲಿ ಕಂಪ್ಯೂಟರು ಹೆಂಡತಿಯ ಕೈಯ ಸೌಟಿದ್ದಂತೆ. ಕರೆಂಟು ಬಿಲ್ಲು, ರೈಲು ಟಿಕೇಟು ಎಲ್ಲ ಆಕೆಯದೇ. ಪ್ರೊಫೆಸರರು ಅದರ ಧೂಳು ಒರೆಸಿದ್ದೂ ಇಲ್ಲ.

ನೋಂದಣಿಯ ಪುಟ ತೆರೆದ ಕೂಡಲೇ ಅದು, 'ನೀವು ಮನುಷ್ಯರೆಂದು ಸಾಬೀತುಪಡಿಸಿ, ಬಸ್ಸಿರುವ ಚಿತ್ರಗಳನ್ನು ಆರಿಸಿ' ಎಂದಿತು. ಒಂದು ಚಿತ್ರದಲ್ಲಿ ಬಸ್ಸಿನ ಕನ್ನಡಿ ಮಾತ್ರ ಇತ್ತು. ಕನ್ನಡಿ ಬಸ್ಸೇ? ಅರ್ಧ ಚಕ್ರ ಬಸ್ಸೇ? ಪ್ರೊಫೆಸರರು ತತ್ವಚಿಂತನೆಗೆ ಇಳಿದರು. ಕಂಪ್ಯೂಟರು ಒಪ್ಪಲಿಲ್ಲ.

"ಲೇ, ಇದು ನನ್ನನ್ನ ಮನುಷ್ಯ ಅಲ್ಲ ಅಂತಿದೆ ಕಣೇ!"

"ಇಷ್ಟು ಬೇಗ ಅದಕ್ಕೂ ಗೊತ್ತಾಗ್ಹೋಯ್ತಾ?" ಅಡುಗೆಮನೆಯಿಂದ ಉತ್ತರ ಬಂತು. "ನಾನು ಬರ್ಲೇನ್ರೀ?"

"ಬೇಡ!"

ಅಂತೂ ದೇವರ ದಯೆಯಿಂದ ಮನುಷ್ಯರೆನಿಸಿಕೊಂಡು ಮುಂದಿನ ಪುಟಕ್ಕೆ ಹೋದರೆ, ಹೆಸರಿನ ಜಾಗದಲ್ಲಿ ಆಗಲೇ ಹೆಂಡತಿಯ ಹೆಸರು! ದಿನವೂ ಆಕೆಯ ಹೆಸರನ್ನೇ ಬರೆದು ಅಭ್ಯಾಸವಾಗಿದ್ದ ಯಂತ್ರ ತಾನಾಗಿಯೇ ತುಂಬಿತ್ತು. 'ಭಲೇ, ಇವಳೂ ಬರ್ತಾಳೆ ಅಂತ ಇದಕ್ಕೆ ಹೇಗೆ ತಿಳೀತು!' ಎಂದು ಬೆರಗಾದರು. ಕೆಳಗೆ 'ಜೊತೆಗೆ ಬರುವವರು' ಎಂಬ ಖಾಲಿ ಜಾಗವಿತ್ತು. ಹೆಂಡತಿಯದಾಯಿತು, ಉಳಿದವನು ನಾನೇ ಅಲ್ಲವೇ? ತಮ್ಮ ಹೆಸರನ್ನು ಪದವಿಗಳ ಸಮೇತ ಅಲ್ಲಿ ಬರೆದು ಗುಂಡಿ ಒತ್ತಿದರು. "ಗೆದ್ದೆ!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಪರದೆಯ ಮೇಲೆ ಮೂಡಿದ ಉತ್ತರ ಓದಿದಳು.

"ರೀ, ಬಸವನಹುಳು ಬಗ್ಗೆ ಮಾತಾಡೋದು ನಾನಂತೆ. ನೀವು ಜೊತೆಗೆ ಬರೋರು. ನಿಮಗೆ ಸಭೆಯೊಳಗೆ ಪ್ರವೇಶ ಇಲ್ಲ. ಬೇಜಾರಾಗದಿರಲಿ ಅಂತ ಬುಟ್ಟಿ ಹೆಣೆಯೋದು ಕಲಿಸ್ತಾರಂತೆ."

ಪ್ರೊಫೆಸರರು ತಕ್ಷಣ ಸಂಕಿರಣದ ಕಚೇರಿಗೆ ಫೋನು ಮಾಡಿದರು. "ನಾನೇ ಪ್ರೊಫೆಸರ್ರೀ!" ಎಂದು ಎಷ್ಟು ಕೂಗಿದರೂ ಆ ಕಡೆಯ ಗುಮಾಸ್ತೆ, "ಕ್ಷಮಿಸಿ ಸರ್, ಬದಲಾವಣೆ ಇದ್ರೆ ಮೇಡಂ ಅವರೇ ಹೇಳ್ಬೇಕು" ಎಂದು ಪಟ್ಟು ಹಿಡಿದಳು.

ಪ್ರೊಫೆಸರರು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೆಂಡತಿಯ ಮುಂದೆ ನಿಂತರು. "ಲೇ... ನೋಡ್ರೀ... ಸ್ವಲ್ಪ ಹೇಳ್ತೀರಾ?"

ಮದುವೆಯಾದ ಮೇಲೆ ಮೊದಲ ಬಾರಿಗೆ ಬಹುವಚನ! ಆಕೆ ಕರಗಿ ಫೋನು ತೆಗೆದುಕೊಂಡಳು.

"ನೋಡಮ್ಮಾ, ಹುಳ ಎಲ್ಲಾ ಅವರದ್ದೇ. ಹೆಸರು ಅದಲು ಬದಲು ಮಾಡಿಬಿಡು."

"ಆಯ್ತು ಮೇಡಂ. ಇನ್ಮುಂದೆ ವಿಷಯ ಏನಿದ್ರೂ ಸರ್‌ಗೇ ತಿಳಿಸ್ಲಾ?"

ಫೋನಿಗೆ ಕಿವಿ ಕೊಟ್ಟಿದ್ದ ಪ್ರೊಫೆಸರರು ಎದೆ ಸೆಟೆಸಿ, ಹೌದೆನ್ನು ಎಂದು ಕೈಸನ್ನೆ ಮಾಡಿದರು.

"ಅಯ್ಯೋ ಬೇಡಮ್ಮ, ನಂಗೇ ತಿಳಿಸು," ಎಂದಳು ಹೆಂಡತಿ. "ಅವರು ಜೊತೆಗೆ ಬರ್ತಾರೆ, ಅಷ್ಟೇ."