ಗಬ್ಬದ ಪ್ರಮಾಣಪತ್ರ

ಕರಾಂಗ್ ಕ್ರೀಕ್ ಅಲ್ಪಾಕಾ ಹೂಡಿಕೆದಾರರ ಸಂಘದ ಏಳನೆಯ ನಿಯಮದ ಪ್ರಕಾರ, ಗಬ್ಬವೆಂದರೆ ಉಗುಳು. ಗಂಡು ಅಲ್ಪಾಕಾವನ್ನು ಹಗ್ಗ ಹಿಡಿದು ಹೆಣ್ಣಿನ ಎದುರು ತಂದು ನಿಲ್ಲಿಸತಕ್ಕದ್ದು. ಹೆಣ್ಣು ಸುಮ್ಮನಿದ್ದರೆ ಗಬ್ಬವಿಲ್ಲ. ಗಂಡಿನ ಮುಖಕ್ಕೆ ಉಗುಳಿದರೆ ಗಬ್ಬ ಕಟ್ಟಿದೆ. ಉಗುಳನ್ನು ಕಾರ್ಯದರ್ಶಿಯು ಕಣ್ಣಾರೆ ಕಂಡು ಪ್ರಮಾಣಪತ್ರ ನೀಡತಕ್ಕದ್ದು. ಒಂಟೆಯ ಕುಲದ ಈ ಉಣ್ಣೆಪ್ರಾಣಿಯನ್ನು ಸಾಕುವವರೆಲ್ಲ ಬಲ್ಲ ಪರೀಕ್ಷೆ ಇದು. ಅದಕ್ಕೆ ಮೊಹರು ಒತ್ತಿ ನಿಯಮ ಮಾಡಿದ ಕೀರ್ತಿ ಮಾತ್ರ ಕಾರ್ಯದರ್ಶಿಯಾದ ನನ್ನದು. ನಾನು ನೆವಿಲ್ ಟ್ರೆಗೋನಿಂಗ್, ಮೂವತ್ತೊಂದು ವರ್ಷ ಪುರಸಭೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು.

ನಾವು ಅಲ್ಪಾಕಾ ಸಾಕುತ್ತಿದ್ದುದು ಉಣ್ಣೆಗಲ್ಲ, ಇನ್ನೊಬ್ಬರಿಗೆ ಮಾರಲಿಕ್ಕೆ. ಆ ಇನ್ನೊಬ್ಬರು ಕೊಳ್ಳುತ್ತಿದ್ದುದು ಮತ್ತೊಬ್ಬರಿಗೆ ಮಾರಲಿಕ್ಕೆ. ಕಟ್ಟಕಡೆಗೆ ಕೊಳ್ಳುವ ಆ ಮತ್ತೊಬ್ಬರು ಯಾರು ಎಂದು ಸಭೆಯಲ್ಲಿ ಕೇಳಿದವರಿಗೆ ಚಹಾ ಕೊಡತಕ್ಕದ್ದಲ್ಲ ಎಂಬುದು ಹನ್ನೊಂದನೆಯ ನಿಯಮ. ಅದೂ ನನ್ನ ಕೈಬರಹವೇ.

ನನ್ನ ಹೆಂಡತಿ ಗ್ಲೆನಿಸ್‌ಗೆ ಅವಳ ಚಿಕ್ಕಮ್ಮ ಹದಿನೆಂಟು ಸಾವಿರ ಡಾಲರ್ ಬಿಟ್ಟು ತೀರಿಕೊಂಡಿದ್ದಳು. ಗ್ಲೆನಿಸ್‌ಗೆ ಮಂಡಿನೋವು. ಸಮುದ್ರದ ನೀರಿಗಿಳಿದರೆ ಮಾತ್ರ ಅದು ಅವಳನ್ನು ಬಿಡುತ್ತಿತ್ತು. ಕಡಲ ದಂಡೆಯ ಮೇಲೆ ಎರಡು ಕೋಣೆಯ ಮನೆಯೊಂದನ್ನು ಅವಳು ನೋಡಿಟ್ಟಿದ್ದಳು. ಒಂದೇ ಒಂದು ವರ್ಷ ತಡಿ, ಮರಿಯೊಂದು ಹುಟ್ಟಲಿ, ಮೂರು ಕೋಣೆಯದನ್ನೇ ಕೊಳ್ಳೋಣ ಎಂದು ನಾನು ಅವಳ ತಲೆ ತಿಂದೆ. ಆ ದುಡ್ಡಿಗೆ ಲೇಡಿ ಇಸಬೆಲ್ ಎಂಬ ಹೆಸರಿನ, ಕಂದು ಬಣ್ಣದ, ಮೈತುಂಬ ಉಣ್ಣೆಯ ಪ್ರಾಣಿ ನಮ್ಮ ಹೊಲಕ್ಕೆ ಬಂತು. ಗಬ್ಬ ಕಟ್ಟಿಸಿಯೇ ಕೊಡುತ್ತಿದ್ದೇನೆಂದು ಹೇಳಿ ಮಾರಿದವನು ಮರುವಾರವೇ ಕ್ವೀನ್ಸ್‌ಲ್ಯಾಂಡಿಗೆ ಮನೆ ಬದಲಾಯಿಸಿದ.

ಪರೀಕ್ಷೆಯ ದಿನ ಇಸಬೆಲ್ ಗಂಡಿಗೆ ಉಗುಳಿತು. ಅಂಚೆ ಹಂಚುವವಳಿಗೆ ಉಗುಳಿತು, ನನಗೂ ಉಗುಳಿತು, ಸಂಘದ ಅಧ್ಯಕ್ಷೆ ರೋಮಾ ಹಾಜ್ ಅವರ ಹೊಸ ಟೋಪಿಗೂ ಉಗುಳಿತು. ಇಷ್ಟೊಂದು ಗಬ್ಬವನ್ನು ನಾನು ಕಂಡಿರಲಿಲ್ಲ. ಪ್ರಮಾಣಪತ್ರಕ್ಕೆ ನಾನೇ ಅರ್ಜಿ ಹಾಕಿ, ನಾನೇ ಪರಿಶೀಲಿಸಿ, ನಾನೇ ಸಹಿ ಮಾಡಿ, ನನಗೇ ಕೊಟ್ಟು, ನನ್ನ ಕೈಯನ್ನು ನಾನೇ ಕುಲುಕಿಕೊಂಡೆ.

ಅಲ್ಪಾಕಾ ಹನ್ನೊಂದೂವರೆ ತಿಂಗಳಿಗೆ ಈಯಬೇಕು. ಹದಿನಾಲ್ಕಾಯಿತು, ಇಪ್ಪತ್ತಾಯಿತು. ಉಗುಳು ನಿಲ್ಲಲಿಲ್ಲವಾದ್ದರಿಂದ ನಾನು ಪ್ರಮಾಣಪತ್ರವನ್ನು ಎರಡು ಸಲ ನವೀಕರಿಸಿದೆ. ನವೆಂಬರಿನಲ್ಲಿ ಉಣ್ಣೆ ಕತ್ತರಿಸುವ ಕೆವ್ ಡೂಲನ್ ಬಂದು, ಇಸಬೆಲ್‌ನ ಕಾಲುಗಳಿಗೆ ಹಗ್ಗ ಬಿಗಿದು ಚಾಪೆಯ ಮೇಲೆ ಮಲಗಿಸಿದ. ಹೊಟ್ಟೆಯ ಕಡೆ ಕತ್ತರಿಸುತ್ತಿದ್ದವನು ಯಂತ್ರ ನಿಲ್ಲಿಸಿದ.

"ನೆವಿಲ್, ನಿನ್ನ ಲೇಡಿ ಗಂಡು ಮಾರಾಯ. ಅದೂ ಬೀಜ ಒಡೆದ ಗಂಡು."

"ಪ್ರಮಾಣಪತ್ರ ಇದೆಯಲ್ಲ?" ಎಂದೆ.

"ಹಾಗಿದ್ರೆ ಆ ಕಾಗದಾನೇ ಈಯುತ್ತೇನೋ, ಕಾದು ನೋಡು."

ಚಹಾ ತಂದಿದ್ದ ಗ್ಲೆನಿಸ್ ಬಗ್ಗಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಎರಡು ವರ್ಷದಲ್ಲಿ ಒಂದ್ಸಲ ಬಾಲ ಎತ್ತಿ ನೋಡ್ಲಿಲ್ವಾ ನೀನು?"

ಹೊಳೆಯಲಿಲ್ಲ. ಮೂವತ್ತೊಂದು ವರ್ಷ ಬರೀ ಕಾಗದ ಎತ್ತಿ ನೋಡಿದವನಿಗೆ ಬಾಲ ಹೇಗೆ ಹೊಳೆಯಬೇಕು? ಅವಳ ಸಮುದ್ರವನ್ನು ನಾನು ಒಣ ಹೊಲದಲ್ಲಿ ಮುಳುಗಿಸಿದ್ದೆ. ನನಗೆ ತುಂಬ ನಾಚಿಕೆಯಾಯಿತು.

ವಿಶೇಷ ಸಭೆ ಕರೆದು ತಪ್ಪೊಪ್ಪಿಕೊಂಡೆ. ಸದಸ್ಯರು ಲ್ಯಾಮಿಂಗ್ಟನ್ ಕೇಕು ತಿನ್ನುತ್ತ ಸಾವಧಾನವಾಗಿ ಕೇಳಿದರು. ಹಿಂದಿನ ಸಾಲಿನಿಂದ ಗ್ಲೆನಿಸ್ ಎದ್ದು, ಅದಕ್ಕೆ ಗರ್ಭಕೋಶವೇ ಇಲ್ಲ ಎಂದು ತಿಳಿಸಿದಳು.

"ಗ್ಲೆನಿಸ್, ಅದು ಪಶುವೈದ್ಯರ ವಿಷಯ ಕಣಮ್ಮ," ಎಂದರು ರೋಮಾ ಹಾಜ್ ಮೆತ್ತಗೆ. "ಇಲ್ಲಿ ನಾವು ಹೂಡಿಕೆ ಮಾತಾಡ್ತಿದ್ದೀವಿ."

ಠರಾವು ಹೀಗಿತ್ತು: "ಒಂದು ಪ್ರಮಾಣಪತ್ರ ಸುಳ್ಳಾದಲ್ಲಿ ಉಳಿದ ಅರವತ್ತೆರಡೂ ಸುಳ್ಳಾಗುವ ಸಂಭವವಿರುವುದರಿಂದ, ಪ್ರಮಾಣಪತ್ರವು ಸರಿಯಿದೆಯೆಂದೂ ಪ್ರಾಣಿಯು ತಪ್ಪಾಗಿದೆಯೆಂದೂ ಸಭೆಯು ಸರ್ವಾನುಮತದಿಂದ ತೀರ್ಮಾನಿಸಿದೆ." ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಮ್ಮವರು ಅಷ್ಟಕ್ಕೇ ಬಿಡದೆ, ಹುಟ್ಟಲಿರುವ ಕರುವಿಗೆ ವಿಮೆಯನ್ನೂ ಮಾಡಿಸುವವರು. ಠರಾವನ್ನು ಬರೆದುಕೊಂಡವನು ನಾನೇ. ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ.

ತಿಂಗಳೊಳಗೆ ಮೆಲ್ಬರ್ನ್‌ನಿಂದ ಪಿಂಚ್‌ಬೆಕ್ ಎಂಬ ದಂತವೈದ್ಯರು ಇಸಬೆಲ್‌ನನ್ನು ಕೊಳ್ಳಲು ಬಂದರು. ನಾನು ಪ್ರಮಾಣಪತ್ರ ಹೊರತೆಗೆಯುವ ಮೊದಲೇ ಗ್ಲೆನಿಸ್ ಬೇಲಿಯ ಹತ್ತಿರ ನಿಂತು ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಮೋಸದ ದುಡ್ಡಿನಲ್ಲಿ ಕೊಂಡ ಮನೆಯಲ್ಲಿ ಅವಳಿಗೆ ನಿದ್ದೆ ಬರುವುದಿಲ್ಲವಂತೆ. ನನಗೆ ಹೆಮ್ಮೆಯಾಯಿತು, ಹೊಟ್ಟೆಯೂ ಉರಿಯಿತು.

"ಹಾಗಾದ್ರೆ ಇದು ಯಾವತ್ತೂ ಮರಿ ಹಾಕಲ್ಲ ಅನ್ನಿ," ಎಂದರು ದಂತವೈದ್ಯರು.

"ಹಾಕಲ್ಲ."

ಅವರ ಮುಖ ಅರಳಿತು. ಮರಿ ಹುಟ್ಟಿದಷ್ಟೂ ಪೇಟೆಯಲ್ಲಿ ಪ್ರಾಣಿ ಹೆಚ್ಚಾಗಿ ಬೆಲೆ ಇಳಿಯುತ್ತದೆ, ಈದ ಹೆಣ್ಣಿಗೆ ಗಬ್ಬದ ಹೆಣ್ಣಿನ ಅರ್ಧ ಬೆಲೆಯೂ ಸಿಗುವುದಿಲ್ಲ, ಇದಾದರೋ ಸಾಯುವ ತನಕ ಗಬ್ಬವಾಗಿಯೇ ಇರುತ್ತದೆ ಎಂದು ನಮಗೆ ತಾಳ್ಮೆಯಿಂದ ವಿವರಿಸಿದರು. ಇಸಬೆಲ್ ಅವರ ಕನ್ನಡಕಕ್ಕೆ ಉಗುಳಿತು. ಒರೆಸಿಕೊಂಡು, ಅದನ್ನೂ ಪ್ರಮಾಣಪತ್ರದಲ್ಲಿ ನಮೂದಿಸಬೇಕೆಂದು ಕೋರಿದರು. ಇಪ್ಪತ್ತಾರು ಸಾವಿರ ಡಾಲರಿನ ಚೆಕ್ ಬರೆದು ಗ್ಲೆನಿಸ್ ಕೈಗಿಟ್ಟರು.

ಸಮುದ್ರ ಅವಳ ಕೈಯಲ್ಲಿತ್ತು. ನಾನು ಬದುಕಿದೆ ಎಂದುಕೊಂಡೆ. ಅವಳು ಚೆಕ್ಕನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಮುಂದಿನ ವರ್ಷ ಇಸಬೆಲ್‌ಗೆ ಎಷ್ಟು ಬರಬಹುದು?" ಎಂದು ಕೇಳಿದಳು.

"ನಲವತ್ತಕ್ಕೆ ಕಡಿಮೆ ಇಲ್ಲ," ಎಂದರು ದಂತವೈದ್ಯರು. ಪ್ರಾಮಾಣಿಕ ಮನುಷ್ಯ.

ಗ್ಲೆನಿಸ್ ಚೆಕ್ಕನ್ನು ಹಿಂದಕ್ಕೆ ಕೊಟ್ಟಳು.

ಈಗ ಸಂಘದಲ್ಲಿ ಶಾಶ್ವತ ಗಬ್ಬ ಎಂಬ ಹೊಸ ದರ್ಜೆಯಿದೆ. ಬೀಜ ಒಡೆದ ಗಂಡುಗಳಿಗೆ ಬಹಳ ಬೇಡಿಕೆ. ಹೋದ ತಿಂಗಳು ಒಬ್ಬ ಸದಸ್ಯರ ಅಲ್ಪಾಕಾ ನಿಜಕ್ಕೂ ಈದುದರಿಂದ, ಸಂಘದ ಬೆಲೆಗೆ ಧಕ್ಕೆ ತಂದ ಬಗ್ಗೆ ಅವರಿಗೆ ನೋಟಿಸು ಕಳುಹಿಸಿದೆ. ಅವರು ಕ್ಷಮೆ ಕೇಳಿ ಉತ್ತರಿಸಿದ್ದಾರೆ.

ಮೊನ್ನೆ ಕಡಲ ದಂಡೆಯಿಂದ ದಲ್ಲಾಳಿಯ ಫೋನ್ ಬಂತು. ಅದೇ ಎರಡು ಕೋಣೆಯ ಮನೆ ಮತ್ತೆ ಮಾರಾಟಕ್ಕಿದೆಯಂತೆ, ಬೆಲೆಯೂ ಇಳಿದಿದೆಯಂತೆ. ಸುದ್ದಿ ಹೇಳಲು ಓಡಿದೆ. ಗ್ಲೆನಿಸ್ ಕೊಟ್ಟಿಗೆಯಲ್ಲಿ ನೋಯುವ ಮಂಡಿಯೂರಿ ಇಸಬೆಲ್‌ಗೆ ಮೆತ್ತನೆಯ ಹುಲ್ಲು ಹಾಸುತ್ತಿದ್ದಳು. ಊರಿನಲ್ಲಿ ಬುದ್ಧಿ ನೆಟ್ಟಗಿದ್ದವಳು ಅವಳೊಬ್ಬಳೇ. ಇಸಬೆಲ್‌ನನ್ನು ಮಾರೋಣ, ಈ ವಾರವೇ ಹೊರಡೋಣ ಎಂದು ನಾನು ಬೇಡಿಕೊಂಡೆ.

"ತುಂಬು ಬಸುರೀನ ಬಿಟ್ಟು ಹೇಗೋ ಬರ್ಲಿ, ನೆವ್?" ಎಂದಳು.

ಪ್ರಮಾಣಪತ್ರದ ಮೇಲಿನ ಸಹಿ ನನ್ನದೇ ಆದ್ದರಿಂದ ನಾನು ಎದುರಾಡಲಿಲ್ಲ.