ವಿಭೂತಿ ಹಚ್ಚಿಸಿಕೊಂಡ ರೆಕಾರ್ಡು

ನಾಚಿಕೆಪಡುವಂಥ ಕೆಲಸಗಳನ್ನು ನಾನಾಗಿ ಹುಡುಕಿಕೊಂಡು ಹೋದವನಲ್ಲ. ಬೆಳಿಗ್ಗೆ ಸ್ನಾನ, ಪೂಜೆ, ಆಮೇಲೆ ಸೈಕಲ್ ಹತ್ತಿ ಕೆಲಸ, ಸಂಜೆ ಮನೆ. ಇಷ್ಟರಲ್ಲಿ ಒಬ್ಬ ಮನುಷ್ಯ ಎಷ್ಟು ತಪ್ಪು ಮಾಡಲು ಸಾಧ್ಯ ಎಂದು ನೀವು ಕೇಳಬಹುದು. ಬೇಕಾದಷ್ಟು ಸಾಧ್ಯ ಎಂದು ನೆದರ್ಲೆಂಡ್ಸಿನ ವೆಲ್ಡ್‌ಹೋವನ್‌ಗೆ ಬಂದ ಮೇಲೆ ಗೊತ್ತಾಯಿತು. ಒಂದೇ ಶರತ್ಕಾಲದಲ್ಲಿ, ಒಂದೇ ಒಂದು ಕುಣಿತದ ರೆಕಾರ್ಡಿನ ದೆಸೆಯಿಂದ, ನಾನು ಮತ್ತೆ ಮತ್ತೆ ತಲೆ ತಗ್ಗಿಸಿದೆ. "ಬರೆದಿಡ್ರಿ, ಮನಸ್ಸು ಹಗುರ ಆಗ್ತದ" ಎಂದು ಹೆಂಡತಿ ಹೇಳಿದಳು. ಹೇಳುವಾಗ ಅವಳು ನಗುತ್ತಿದ್ದಳು ಎಂಬುದನ್ನೂ ಬರೆದಿಡುತ್ತೇನೆ.

ಗೋಡೆಯ ಆಚೆ

ನಮ್ಮದು ಸಾಲುಮನೆ. ನನ್ನ ದೇವರ ಗೂಡು ಇರುವ ಗೋಡೆಯ ಆಚೆ ಬದಿಗೆ ಪಕ್ಕದ ಮನೆಯ ಯಜಮಾನರ ಪಡಸಾಲೆ. ಅವರು ಡಚ್ಚರು, ಬಸ್ ಓಡಿಸಿ ನಿವೃತ್ತರಾದವರು, ಹೆಂಡತಿಯನ್ನು ಕಳೆದುಕೊಂಡು ಒಬ್ಬರೇ ಇದ್ದರು. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಸರಿಯಾಗಿ ನಾನು ಕಣ್ಣು ಮುಚ್ಚಿ ಕೂತಾಗ, ಆ ಗೋಡೆ ಧಂ ಧಂ ಎನ್ನುತ್ತಿತ್ತು. ಗೂಡಿನೊಳಗಿನ ನಂದಿ ಸಣ್ಣಗೆ ನಡುಗುತ್ತಿದ್ದ.

ಕೊನೆಗೆ ಒಂದು ದಿನ ಹೋಗಿ ಅವರ ಬೆಲ್ ಒತ್ತಿದೆ. "ಒಂದು ವಿಷಯ ಮಾತಾಡಬೇಕಿತ್ತು" ಎಂದೆ. ಅವರು ಒಳಗೆ ಹೋಗಿ ಡೈರಿ ತಂದು, "ಗುರುವಾರ ಮೂರೂವರೆಗೆ ಆಗಬಹುದೇ?" ಎಂದರು. ಜಗಳಕ್ಕೂ ಸಮಯ ಗೊತ್ತು ಮಾಡಿಕೊಳ್ಳಬೇಕಾದ ಊರು ಇದು. ಕೋಪವನ್ನು ಐದು ದಿನ ಆರದಂತೆ ಕಾಪಾಡಿಕೊಂಡು ಗುರುವಾರ ಹೋದೆ. ಕಾಫಿ ಕೊಟ್ಟರು, ಒಂದು ಬಿಸ್ಕತ್ತು ಕೊಟ್ಟರು, ಡಬ್ಬಿ ಮುಚ್ಚಿದರು.

ಆ ಸದ್ದು ಬ್ರಿಟನ್ನಿನ ಒಂದು ತಂಡದ ನೃತ್ಯ ಸಂಗೀತದ ಆಲ್ಬಮ್ಮಿನದಂತೆ. ಮೂವತ್ತು ವರ್ಷದ ಹಿಂದೆ ಅದಕ್ಕೆ ಯುರೋಪಿಗೆ ಯುರೋಪೇ ಕುಣಿದಿತ್ತಂತೆ. ಆ ಹಾಡಿಗೆ ಕುಣಿಯುವಾಗಲೇ ತಮ್ಮ ಹೆಂಡತಿಯನ್ನು ಮೊದಲು ನೋಡಿದ್ದು ಎಂದರು. ರೆಕಾರ್ಡಿನ ಕವರಿನ ಮೂಲೆಯಲ್ಲಿ ಆಕೆಯ ಕೈಬರಹದ ಹೆಸರು ತೋರಿಸಿದರು. ನನ್ನ ಕೋಪ ಗಂಟಲಲ್ಲೇ ಉಳಿಯಿತು.

"ನೀವು ಏನೋ ಮಾತಾಡಬೇಕು ಎಂದಿರಿ" ಎಂದರು. "ಏನಿಲ್ಲ, ಹಾಡು ಚೆನ್ನಾಗಿದೆ" ಎಂದೆ.

"ನನಗೂ ಒಂದು ಮಾತಿತ್ತು. ನಾಲ್ಕು ವರ್ಷದಿಂದ ಬೆಳಿಗ್ಗೆ ಐದೂವರೆಗೆ ನಿಮ್ಮ ಮನೆಯಿಂದ ಗಂಟೆಯ ಸದ್ದು ಕೇಳುತ್ತದೆ."

ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಅನ್ನಿಸಿತು. ಅವರು ಸಮಾಧಾನವಾಗಿ ಹೇಳಿದರು: "ಬಾರಿಸಿ, ಬೇಡ ಅನ್ನುವುದಿಲ್ಲ. ಆದರೆ ತಾಳ ತಪ್ಪುತ್ತೀರಿ."

ಸಭೆಯಲ್ಲಿ ನಾನಾಡಿದ ಮಾತು

ನಮ್ಮದೊಂದು ಭಜನೆಯ ಬಳಗವಿದೆ. ಆಗಾಗ ಶನಿವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ದೀಪಾವಳಿಯ ಕಾರ್ಯಕ್ರಮದಲ್ಲಿ ಮಕ್ಕಳು ಸಿನಿಮಾ ಹಾಡಿಗೆ ಕುಣಿಯಲಿ ಎಂಬ ಮಾತು ಅಲ್ಲಿ ಬಂತು. ನಾನು ಎದ್ದು ನಿಂತು, ಕುಣಿತದಿಂದ ಮನಸ್ಸು ಚಂಚಲವಾಗುತ್ತದೆ, ವಚನ ಹಾಡಲಿ, ಸಾಕು ಎಂದು ಕಾಲು ಗಂಟೆ ಮಾತಾಡಿದೆ. ಪಟ್ಟಿ ಬರೆಯುವ ಹೊಣೆ ಹೊತ್ತ ಹಿರಿಯ ಅಮ್ಮನವರು "ಸರಿ ಯಜಮಾನರೇ, ಕುಣಿತ ತೆಗೆದೆ" ಎಂದು ಗೀಟು ಎಳೆದರು.

ಎಲ್ಲರೂ ತಲೆಯಾಡಿಸಿದರು. ನನ್ನ ಮಗಳು ಮಾತ್ರ ನನ್ನ ಕಾಲನ್ನೇ ನೋಡುತ್ತಿದ್ದಳು. ಅವತ್ತು ಸಭೆ ನಮ್ಮ ಮನೆಯಲ್ಲೇ ಇತ್ತು, ಶನಿವಾರ, ಹತ್ತೂ ಕಾಲು. ಗೋಡೆಯಾಚೆಯ ಧಂ ಧಂಗೆ ಸರಿಯಾಗಿ ನನ್ನ ಪಾದ ತಾಳ ಹಾಕುತ್ತಿತ್ತು.

ಆಯುಧಪೂಜೆ

ಪಕ್ಕದವರು ತಮ್ಮ ಪಡಸಾಲೆಗೆ ಹೊಸ ನೆಲಹಾಸು ಹಾಕಿಸಲು ಹೊರಟರು. ಧೂಳಾಗುತ್ತದೆಂದು ರೆಕಾರ್ಡನ್ನೂ ಅದರ ಯಂತ್ರವನ್ನೂ ನಮ್ಮ ಮನೆಗೆ ತಂದು, "ಎರಡು ವಾರ ಇಟ್ಟುಕೊಳ್ಳಿ. ಈ ಬೀದಿಯಲ್ಲಿ ಕುಣಿಯದ ಮನುಷ್ಯ ನೀವೊಬ್ಬರೇ. ನಿಮ್ಮಲ್ಲಿ ಇದಕ್ಕೆ ಅಪಾಯವಿಲ್ಲ" ಎಂದರು. ಆ ನಂಬಿಕೆಗೆ ನಾನು ಕೈ ಮುಗಿದೆ.

ಆ ವಾರವೇ ಆಯುಧಪೂಜೆ. ಸೈಕಲ್ಲುಗಳು, ಮಿಕ್ಸಿ, ಬಟ್ಟೆ ಒಗೆಯುವ ಯಂತ್ರ, ಮಗಳ ಲ್ಯಾಪ್‌ಟಾಪು, ಎಲ್ಲಕ್ಕೂ ವಿಭೂತಿ ಹಚ್ಚಿ ಹೂವಿಟ್ಟೆ. ಹಾಡಿನ ಯಂತ್ರವೂ ಯಂತ್ರವೇ. ಮನೆಗೆ ಬಂದದ್ದಕ್ಕೆ ಭೇದ ಮಾಡಬಾರದೆಂದು ಅದರ ಮುಚ್ಚಳ ತೆಗೆದೆ. ರೆಕಾರ್ಡು ಅದರ ಮೇಲೇ ಇತ್ತು. ಕಪ್ಪಗೆ, ದುಂಡಗೆ, ಹೊಳೆಯುತ್ತಾ. ಅಂಥದ್ದನ್ನು ಕಂಡರೆ ನಮ್ಮಂಥವರ ಕೈ ಸುಮ್ಮನಿರುತ್ತದೆಯೇ? ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು, ಈ ಅಂಚಿನಿಂದ ಆ ಅಂಚಿಗೆ ಭಕ್ತಿಯಿಂದ ಎಳೆದೆ.

ಮಗಳು ಬಂದು ನೋಡಿ ಬಾಗಿಲಲ್ಲೇ ನಿಂತಳು. "ಅಪ್ಪಾ, ಆ ಗೆರೆಗಳ ಒಳಗೇ ಹಾಡು ಇರೋದು!"

ತೀರಿಕೊಂಡ ಹೆಣ್ಣುಮಗಳ ನೆನಪಿನ ಮೇಲೆ ಬೂದಿ ಬಳಿದಂತಾಯಿತು. ಗಾಬರಿಯಲ್ಲಿ ನಮಗೆ ಬರುವ ವಿದ್ಯೆ ಒಂದೇ. ಅಡುಗೆಮನೆಗೆ ಓಡಿ, ಹಿತ್ತಾಳೆ ದೀಪ ತಿಕ್ಕುವ ಹುಣಸೆಹಣ್ಣು ತಂದು ತಿಕ್ಕಿದೆ.

ಹೆಂಡತಿ ನೋಡಿ ಹೇಳಿದಳು: "ಪೂಜೆ ಆತು, ಸಾರಿಗೂ ತಯಾರಾತು. ಒಗ್ಗರಣೆ ಯಾವಾಗ್ರೀ?"

ಟಿಲ್‌ಬರ್ಗಿನ ಅಂಗಡಿ

ಹೇಳಿಬಿಡೋಣ ಎಂದು ಮೂರು ಸಲ ಅವರ ಬಾಗಿಲವರೆಗೆ ಹೋಗಿ ಮೂರು ಸಲವೂ ವಾಪಸು ಬಂದೆ. ನಾಲ್ಕನೆಯ ಸಲ ರೈಲು ಹತ್ತಿ ಟಿಲ್‌ಬರ್ಗಿನ ಹಳೆಯ ರೆಕಾರ್ಡುಗಳ ಅಂಗಡಿಗೆ ಹೋದೆ. ಅಂಥದ್ದು ಸಿಗುವುದು ಬಲು ಕಷ್ಟ ಎಂದು ದಾರಿಯುದ್ದಕ್ಕೂ ಪಂಚಾಕ್ಷರಿ ಜಪಿಸಿದ್ದೆ. ಅಂಗಡಿಯಾಕೆ ತಿರುಗಿಯೂ ನೋಡದೆ ಕೈ ಚಾಚಿ ಅದನ್ನೇ ತೆಗೆದುಕೊಟ್ಟಳು. "ಇದು ಆ ಕಾಲಕ್ಕೆ ಮನೆಗೊಂದು ಇತ್ತು" ಎಂದಳು.

ಸರಿಯಾಗಿದೆಯೇ ಎಂದು ಕೇಳಿ ನೋಡಲು ಕಿವಿಗೆ ಹೆಡ್‌ಫೋನ್ ಹಾಕಿದಳು. ಕೇಳಿದೆ. ಎಷ್ಟು ಹೊತ್ತು ಕೇಳಿದೆನೋ, ಯಾರೋ ಹೆಗಲು ಮುಟ್ಟಿದರು. ಕಣ್ಣು ತೆರೆದರೆ ನಮ್ಮ ಬಳಗಕ್ಕೆ ಬರುವ ದಾವಣಗೆರೆ ಕಡೆಯ ವಿದ್ಯಾರ್ಥಿನಿ.

"ಅಂಕಲ್, ನೀವಾ? ತಲೆ ಒಳ್ಳೇ ಆಡಿಸ್ತಿದ್ರಿ!"

"ಇದು ನನಗಲ್ಲಮ್ಮ, ಪಕ್ಕದ ಮನೆಯವರಿಗೆ" ಎಂದೆ.

"ನಾನೂ ಅಷ್ಟೇ ಅಂಕಲ್" ಎಂದು ಅವಳು ತನ್ನ ಚೀಲ ತೋರಿಸಿದಳು. "ನಮ್ಮ ಮನೇಲಿ ಕೇಳಿದ್ರೆ ಇದೆಲ್ಲ ರೂಮ್‌ಮೇಟ್‌ದು."

ತಪ್ಪದೆ ಬಂದ ಹಾಡು

ಹಳೆಯ ಕವರಿನೊಳಗೆ ಹೊಸ ರೆಕಾರ್ಡು ತೂರಿಸಿದೆ. ಹುಣಸೆಹಣ್ಣಿನದನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ ದೇವರ ಗೂಡಿನ ಕೆಳಗೆ ಇಟ್ಟೆ. ಎಸೆಯಲು ಮನಸ್ಸು ಬರಲಿಲ್ಲ. ಶನಿವಾರ ಬೆಳಿಗ್ಗೆ ಎಲ್ಲವನ್ನೂ ಒಯ್ದು ಒಪ್ಪಿಸಿದೆ. ಅವರಿಗೆ ಸಂತೋಷವೋ ಸಂತೋಷ. ಆಗಲೇ ಹಾಡು ಹಾಕಿ, ಹೊಸ ನೆಲದ ಮೇಲೆ ಕಣ್ಣು ಮುಚ್ಚಿ, ಎದುರಿಗೆ ಯಾರೋ ಇದ್ದಂತೆ ಕೈ ಚಾಚಿ ಕುಣಿಯತೊಡಗಿದರು.

ಮೂರನೆಯ ಹಾಡಿನ ನಡುವೆ ಅವರು ಇದ್ದಕ್ಕಿದ್ದಂತೆ ಒಂದು ಪುಟ್ಟ ನೆಗೆತ ನೆಗೆದರು. ಹಾಡು ತನ್ನ ಪಾಡಿಗೆ ಮುಂದೆ ಹೋಯಿತು. ಅವರು ತಪ್ಪಿದ ಕಾಲಲ್ಲೇ ನಿಂತರು.

"ಇಲ್ಲಿ ನಮ್ಮ ರೆಕಾರ್ಡಿನಲ್ಲಿ ಸೂಜಿ ಹಾರಿ ಹಾಡು ತಪ್ಪುತ್ತದೆ" ಎಂದರು. "ಅವಳೇ ಒಮ್ಮೆ ಗೀರಿದ್ದು. ಅಲ್ಲಿಗೆ ಬಂದಾಗ ಇಬ್ಬರೂ ಕೂಡಿ ನೆಗೆಯುತ್ತಿದ್ದೆವು. ಇದರಲ್ಲಿ ಹಾಡು ಸರಿಯಾಗಿದೆ. ಇದು ನಮ್ಮದಲ್ಲ."

ತಡೆಯಲಾಗಲಿಲ್ಲ. ಮನೆಗೆ ಓಡಿ ರೇಷ್ಮೆಯ ಗಂಟು ತಂದು ಅವರ ಕೈಗಿಟ್ಟು, ಆಯುಧಪೂಜೆಯಿಂದ ಹುಣಸೆಹಣ್ಣಿನವರೆಗೆ ಎಲ್ಲವನ್ನೂ ಹೇಳಿದೆ. "ಹಾಳು ಮಾಡಿದ್ದಕ್ಕಿಂತ ಮುಚ್ಚಿಟ್ಟಿದ್ದು ದೊಡ್ಡ ತಪ್ಪು, ಕ್ಷಮಿಸಿ" ಎಂದೆ. ಅವರು ರೆಕಾರ್ಡನ್ನು ಮೂಸಿ ನೋಡಿದರು. ಯಂತ್ರಕ್ಕೆ ಹಾಕಿದರು. ಸಾಸಿವೆ ಸಿಡಿದಂತೆ ಚಟಪಟ ಸದ್ದು, ಅದರ ನಡುವೆ ಹಾಡು. ಮೂರನೆಯ ಹಾಡು ಬಂತು. ಹಾರಿತು! ಅವರೂ ನೆಗೆದರು. ಮುಖ ಅರಳಿತು. ಅಷ್ಟರಲ್ಲಿ ಇನ್ನೊಂದು ಕಡೆ ಹಾರಿತು.

"ಇದು ಹೊಸದು" ಎಂದರು.

"ನನ್ನದು" ಎಂದೆ, ನೆಲ ನೋಡುತ್ತಾ.

ಅವರು ಸೂಜಿಯನ್ನು ಹಿಂದಕ್ಕೆ ಇಟ್ಟು ನನ್ನ ಕೈ ಹಿಡಿದೆಳೆದರು. "ಮೊದಲನೆಯದು ಅವಳದು. ಎರಡನೆಯದು ನಿಮ್ಮದು. ನಿಮ್ಮದನ್ನು ನೀವೇ ನೆಗೆಯಬೇಕು."

ಇದಕ್ಕಿಂತ ಹಗುರವಾದ ಪ್ರಾಯಶ್ಚಿತ್ತ ಎಲ್ಲಿದೆ? ಪಂಚೆ ಎತ್ತಿ ಕಟ್ಟಿದೆ. ಮೊದಲನೆಯದಕ್ಕೆ ಅವರು ನೆಗೆದರು, ಎರಡನೆಯದಕ್ಕೆ ನಾನು. "ತಾಳ ತಪ್ಪಿತು, ಮತ್ತೊಮ್ಮೆ!" ಎಂದು ಸೂಜಿಯನ್ನು ಹಿಂದಕ್ಕಿಟ್ಟರು. ಮತ್ತೆ ನೆಗೆದೆ. ಐದನೆಯ ಸಲಕ್ಕೆ ತಾಳ ಕೂಡಿತು. ಆ ಖುಷಿಗೆ ನಾನು ಒಂದು ಸುತ್ತು ತಿರುಗಿಯೂಬಿಟ್ಟೆ.

ತಿರುಗಿದಾಗ ಕಿಟಕಿ ಕಾಣಿಸಿತು. ಈ ದೇಶದಲ್ಲಿ ಬೀದಿಯ ಕಡೆಯ ಕಿಟಕಿಗೆ ಯಾರೂ ಪರದೆ ಎಳೆಯುವುದಿಲ್ಲ. ಅವತ್ತಿನ ಭಜನೆ ನಮ್ಮ ಮನೆಯಲ್ಲಿ ಎಂಬುದನ್ನು ನಾನು ಮರೆತಿದ್ದೆ. ಹಾರ್ಮೋನಿಯಂ, ತಾಳ, ಹೂವಿನ ಬುಟ್ಟಿ ಹಿಡಿದುಕೊಂಡು ಇಡೀ ಬಳಗ ಗಾಜಿನಾಚೆ ಸಾಲಾಗಿ ನಿಂತಿತ್ತು. ನನ್ನ ಹೆಂಡತಿ ಎಲ್ಲರಿಗಿಂತ ಮುಂದೆ.

ಪಟ್ಟಿ ಬರೆಯುವ ಹಿರಿಯ ಅಮ್ಮನವರು ಕನ್ನಡಕ ಏರಿಸಿ, ಚೀಲದಿಂದ ಪುಸ್ತಕ ಪೆನ್ನು ತೆಗೆದು, ಗಾಜಿನ ಮೇಲೆ ಮೆಲ್ಲಗೆ ತಟ್ಟಿ ಕೇಳಿದರು:

"ಯಜಮಾನರೇ, ಮಕ್ಕಳ ಕುಣಿತ ತೆಗೆದ ಜಾಗ ಹಾಗೇ ಖಾಲಿ ಇದೆ. ಇಬ್ಬರ ಹೆಸರನ್ನೂ ಬರೆದುಕೊಳ್ಳಲಾ, ನಿಮ್ಮೊಬ್ಬರದೇ ಸಾಕಾ?"