ಅಕ್ಕಿಯಿಲ್ಲದ ಗ್ರೈಂಡರ್

ನನ್ನ ನೆನಪಿನ ಮಾತನ್ನು ನಾನೇ ನಂಬುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳಿಗೆ ಇದೊಂದು ಕಸುಬಿನ ಕಾಯಿಲೆ. ಕಣ್ಣಾರೆ ಕಂಡೆ ಎಂದವನ ಮಾತನ್ನೂ ಇನ್ನೊಂದು ದಾಖಲೆಯ ಪಕ್ಕದಲ್ಲಿಟ್ಟು ನೋಡಿ ಎಂದು ಇಪ್ಪತ್ತು ವರ್ಷದಿಂದ ಹುಡುಗಿಯರಿಗೆ ಹೇಳುತ್ತ ಹೇಳುತ್ತ, ಮನೆಗೆ ಬೀಗ ಹಾಕಿದ್ದನ್ನು ಕಣ್ಣಾರೆ ಕಂಡ ನಾನೇ ಲಿಫ್ಟಿನಿಂದ ವಾಪಸು ಬಂದು ಅದನ್ನು ಎಳೆದು ನೋಡುವ ಸ್ಥಿತಿಗೆ ತಲುಪಿದ್ದೇನೆ. ಗ್ಯಾಸಿನ ತಿರುಪು ಎರಡು ಸಲ, ಬೀಗ ಮೂರು ಸಲ. ದಿನಚರಿ ಬರೆಯುವುದೂ ಇದೇ ಕಾರಣಕ್ಕೆ. ಬರೆದಿಟ್ಟದ್ದಾದರೂ ನಂಬಿಕೆಗೆ ಯೋಗ್ಯ ಎಂಬ ಭ್ರಮೆ ಈ ಆಷಾಢದವರೆಗೆ ನನಗಿತ್ತು. ಅದನ್ನು ಕಳೆದದ್ದು ನಮ್ಮ ಕಾರಿನ ಸ್ಟಾರ್ಟರ್ ಮೋಟಾರು.

ಕಾರಿಗೆ ಹದಿಮೂರು ವರ್ಷ. ಕೀಲಿ ತಿರುಗಿಸಿ ಸ್ಟಾರ್ಟ್ ಮಾಡುವ ಕಾಲದ್ದು. ವಾರವೆಲ್ಲ ಪೋರೂರಿನ ಮನೆಯಿಂದ ಕಾಲೇಜಿಗೆ ನಾನು ಓಡಿಸುತ್ತೇನೆ. ನನ್ನ ಗಂಡ ಶ್ರೀಧರ ಕಂಪನಿಯ ಬಸ್ಸಿನಲ್ಲಿ ಆಫೀಸಿಗೆ ಹೋಗುವುದರಿಂದ ಭಾನುವಾರ ಮಾತ್ರ ಅವರ ಪಾಳಿ. ನಾನು ಡ್ರೈವಿಂಗ್ ಕಲಿತದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಸ್ಟಿಯರಿಂಗನ್ನು ಮಗುವಿನ ಹಾಗೆ ಅವುಚಿ ಹಿಡಿದುಕೊಂಡು. ಈಗ ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ, ದಿನದಲ್ಲಿ ಯಾರೂ ನನ್ನನ್ನು ಏನನ್ನೂ ಕೇಳದ ಹೊತ್ತು ಅದೊಂದೇ. ಮೆಟ್ರೋ ಕಾಮಗಾರಿಯ ತಗಡಿನ ಬೇಲಿಯ ಪಕ್ಕದಲ್ಲಿ ತೆವಳುವಾಗ ಉಳಿದವರೆಲ್ಲ ಹಾರ್ನ್ ಒತ್ತಿ ಶಪಿಸುತ್ತಿದ್ದರೆ, ನಾನು ಒಳಗೊಳಗೇ, ಇನ್ನೂ ಸ್ವಲ್ಪ ಹೊತ್ತು ಹೀಗೇ ಇರಲಪ್ಪ ಎನ್ನುತ್ತಿರುತ್ತೇನೆ.

ಅಂಥ ಕಾರು ಬೆಳಿಗ್ಗೆ ಕೀಲಿ ತಿರುಗಿಸಿದಾಗ ಒಮ್ಮೊಮ್ಮೆ ಹಲ್ಲು ಚಳಿಯುವಂತೆ ಕರಕರ ಎನ್ನತೊಡಗಿತು. ದಿನವೂ ಅಲ್ಲ. ವಾರಕ್ಕೆ ಎರಡು ಸಲ, ಮೂರು ಸಲ. ಕೆಳಗಿನ ಪಾರ್ಕಿಂಗಿನಲ್ಲಿ ವಾಚ್‌ಮನ್ ಕೂಡ ಕುರ್ಚಿಯಿಂದೆದ್ದು ನೋಡುತ್ತಿದ್ದ. ಶ್ರೀಧರರಿಗೆ ಹೇಳಿದರೆ ಅವರು ಪೇಪರಿನಿಂದ ತಲೆಯೆತ್ತದೆ, "ನನ್ನ ಕೈಲಿ ಒಂದ್ಸಲಾನೂ ಆಗಿಲ್ವಲ್ಲೇ," ಎಂದರು.

"ಅಂದ್ರೆ?"

"ಅಂದ್ರೆ ಏನಿಲ್ಲ. ಕಾರು ಒಂದೇ, ಓಡ್ಸೋರು ಇಬ್ರು. ನೀನೇ ಯೋಚ್ನೆ ಮಾಡು."

"ಮೆಕ್ಯಾನಿಕ್ ಹೇಳ್ಲಿ ರೀ. ನನ್ನ ಕೈದೇ ತಪ್ಪು ಅಂದ್ರೆ ಕೀಲಿ ನಿಮ್ಮ ಕೈಗೆ ಕೊಟ್ಟು ಕಾಲೇಜ್ ಬಸ್ಸಿಗೆ ಹೋಗ್ತೀನಿ."

ಕೋಪದಲ್ಲಿ ಆಡಿದ ಮಾತು. ಎರಡು ದಿನ ಬಿಟ್ಟಿದ್ದರೆ ಮರೆತೇಹೋಗುತ್ತಿತ್ತು. ಆದರೆ ಅಂದು ಸಂಜೆಯೇ ದಿನಚರಿಯಲ್ಲಿ ಬರೆದುಬಿಟ್ಟಿದ್ದೆ.

ಕೆರೆಯ ಹತ್ತಿರ ಸೆಲ್ವಂ ಎಂಬ ಮೆಕ್ಯಾನಿಕ್ಕಿನ ಶೆಡ್ಡಿದೆ. ಪಕ್ಕದಲ್ಲೇ ಕಬ್ಬಿಣದ ಗೇಟು ಮಾಡುವವನ ಅಂಗಡಿ. ಅಲ್ಲಿ ಇಡೀ ದಿನ ಏನನ್ನಾದರೂ ಕೊಯ್ಯುತ್ತಲೇ ಇರುತ್ತಾರೆ. ಈ ಊರಿಗೆ ಬಂದಮೇಲೆ ಕಲಿತ ನನ್ನ ತಮಿಳಿನಲ್ಲಿ ರೋಗಲಕ್ಷಣ ವಿವರಿಸಿದೆ. ಸೆಲ್ವಂ ಕೈ ಒರೆಸಿಕೊಳ್ಳುತ್ತ, "ಸತ್ತಂ ಎಪ್ಪಡಿ ಮೇಡಂ? ಕೊಂಜಂ ಪಣ್ಣಿ ಕಾಟ್ಟುಂಗ," ಎಂದ. ಶಬ್ದ ಹೇಗಿತ್ತು, ಸ್ವಲ್ಪ ಮಾಡಿ ತೋರಿಸಿ ಅಂತ. ಸ್ಕೂಟರ್ ರಿಪೇರಿಗೆ ಕಾದಿದ್ದ ಹಿರಿಯರೊಬ್ಬರು ಆಸಕ್ತಿಯಿಂದ ನನ್ನತ್ತ ತಿರುಗಿ ಕೂತರು. ಎಂ.ಎ. ಓದುವಾಗ ಯಾರೂ ಇದಕ್ಕೆ ತಯಾರಿ ಕೊಟ್ಟಿರಲಿಲ್ಲ. ನಾನು ತಡವರಿಸುವುದನ್ನು ಕಂಡು ಸೆಲ್ವಂ ತಾನೇ ದಯೆಯಿಂದ ಮೂರು ಶಬ್ದ ಮಾಡಿ ತೋರಿಸಿದ. 'ಟಕ್' ಎಂದು ಸುಮ್ಮನಾದರೆ ಬ್ಯಾಟರಿಯ ದೋಷ. 'ವೀಂ' ಎಂದರೆ ಮೋಟಾರು ತಾನೊಂದೇ ಸುತ್ತುತ್ತಿದೆ, ಎಂಜಿನ್ನನ್ನು ಹಿಡಿಯುತ್ತಿಲ್ಲ. 'ಕರ್‌ರ್‌' ಎಂದರೆ ಹಲ್ಲಿಗೆ ಹಲ್ಲು ಉಜ್ಜುತ್ತಿದೆ. ಇದರಲ್ಲಿ ನಿಮ್ಮದು ಯಾವುದು?

ಅಷ್ಟು ಚೆನ್ನಾಗಿ ಮಾಡಿದ ಮೇಲೆ ಮೂರೂ ನಮ್ಮ ಕಾರಿನದೇ ಅನ್ನಿಸಿತು. ದಾಖಲೆ ನೋಡೋಣವೆಂದು ಬ್ಯಾಗಿನಿಂದ ದಿನಚರಿ ತೆಗೆದೆ. 'ಸೋಮವಾರ: ವಿಕಾರ ಶಬ್ದ. ಬುಧವಾರ: ಅದೇ ಶಬ್ದ. ಶುಕ್ರವಾರ: ಮತ್ತೆ.' ಇಂಥ ಉತ್ತರ ಬರೆದ ಹುಡುಗಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆನೋ ಗೊತ್ತು. ಕೊನೆಗೆ ನಾಚಿಕೆ ಬಿಟ್ಟು, "ಗ್ರೈಂಡರ್ ಮಾದಿರಿ," ಎಂದೆ.

"ಅರಿಸಿ ಪೋಟ್ಟ ಗ್ರೈಂಡರಾ, ಪೋಡಾದ ಗ್ರೈಂಡರಾ?"

ಅಕ್ಕಿ ಹಾಕಿದ್ದೋ, ಹಾಕದ್ದೋ! ನಮ್ಮ ವಿಭಾಗದಲ್ಲಿ ಯಾರೂ ಇಷ್ಟು ಖಚಿತವಾದ ಪ್ರಶ್ನೆಯನ್ನು ಕೇಳಿದ್ದು ನಾನು ಕಾಣೆ. "ಪೋಡಾದದು," ಎಂದೆ. ಬರೀ ಕಲ್ಲು ತಿರುಗುವ ಶಬ್ದ.

"ಐಯೋ, ಪಲ್ಲು ಪೋಚು," ಎಂದು ಸ್ಕೂಟರಿನ ಹಿರಿಯರು ತಮ್ಮದೇ ಹಲ್ಲು ಹೋದವರಂತೆ ಕೆನ್ನೆ ಹಿಡಿದುಕೊಂಡರು.

ಸೆಲ್ವಂ ಕಾರಿನಲ್ಲಿ ಕೂತು ಹತ್ತು ಸಲ ಸ್ಟಾರ್ಟ್ ಮಾಡಿದ. ಹತ್ತು ಸಲವೂ ಸದ್ದಿಲ್ಲದೆ, ವಿನಯವಾಗಿ, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹುಡುಗಿಯಂತೆ ಸ್ಟಾರ್ಟ್ ಆಯಿತು. "ನೀಂಗ ಉಕ್ಕಾರುಂಗ," ಎಂದು ಆತ ಇಳಿದು ನನಗೆ ಜಾಗ ಬಿಟ್ಟ. ನಾನು ಕೂತೆ. ಕೀಲಿ ತಿರುಗಿಸಿದೆ. ಎ.ಸಿ. ಹಾಕಿದೆ. ಸೀಟನ್ನು ಮುಂದಕ್ಕೆ ಎಳೆದೆ, ಕನ್ನಡಿ ಸರಿಮಾಡಿದೆ, ಬೆಲ್ಟು ಹಾಕಿಕೊಂಡೆ. ಗೇಟಿನವರು ಜೋರಾಗಿ ಕೊಯ್ಯತೊಡಗಿದರು. ಆಮೇಲೆ ಕೀಲಿ ತಿರುಗಿಸಿದೆ.

ಕರ್‌ರ್‌ರ್‌!

"ಅದೇ! ಅದೇ!" ಎಂದು ಕನ್ನಡದಲ್ಲೇ ಕೂಗಿದೆ. ಇಷ್ಟು ದಿನ ಯಾರೂ ನಂಬದ ಸಾಕ್ಷಿ ಕೊನೆಗೂ ಬಾಯಿಬಿಟ್ಟಿತ್ತು. ಸೆಲ್ವಂ ಮಾತ್ರ ಕುಣಿಯಲಿಲ್ಲ. ಕಿಟಕಿಗೆ ಬಗ್ಗಿ, ಸಾವಿನ ಸುದ್ದಿ ತಿಳಿಸುವವನಂತೆ ಮೆಲ್ಲಗೆ ಹೇಳಿದ: "ಮೇಡಂ, ವಂಡಿ ಓಡಿಕ್ಕಿಟ್ಟು ಇರುಕ್ಕು."

ಗಾಡಿ ಆಗಲೇ ಓಡುತ್ತಿತ್ತು. ಓಡುತ್ತಿರುವ ಎಂಜಿನ್ನನ್ನು ನಾನು ಮತ್ತೆ ಸ್ಟಾರ್ಟ್ ಮಾಡುತ್ತಿದ್ದೆ. ಬೆಲ್ಟು, ಕನ್ನಡಿ, ಸೀಟು ಮುಗಿಯುವಷ್ಟರಲ್ಲಿ, ಸ್ಟಾರ್ಟ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ. ನಮ್ಮ ಮನೆಯ ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿರುವ ಗದ್ದಲದಲ್ಲಿ ಎಂಜಿನ್ನು ಕೇಳಿಸುವುದೂ ಇಲ್ಲ. ಅನುಮಾನ ಬಂದ ಮೇಲೆ ಇನ್ನೊಮ್ಮೆ ತಿರುಗಿಸಿ ಖಚಿತಪಡಿಸಿಕೊಳ್ಳುವುದೇ ನನ್ನ ಪದ್ಧತಿ. ಬೀಗವನ್ನು ಮೂರು ಸಲ ಎಳೆದರೆ ಅದಕ್ಕೇನೂ ನೋವಾಗುವುದಿಲ್ಲ. ಸ್ಟಾರ್ಟರ್ ಮೋಟಾರಿನ ವಿಷಯ ಹಾಗಲ್ಲವಂತೆ. ಗಿರ್ರನೆ ತಿರುಗುವ ದೊಡ್ಡ ಚಕ್ರಕ್ಕೆ ಅದರ ಪುಟ್ಟ ಚಕ್ರ ಹೋಗಿ ಬಾಯಿಕೊಟ್ಟು, ಹಲ್ಲು ಕಳೆದುಕೊಳ್ಳುತ್ತದೆ. ಮೋಟಾರನ್ನು ಬಿಚ್ಚಿ ಸೆಲ್ವಂ ಆ ಪುಟ್ಟ ಚಕ್ರವನ್ನು ನನ್ನ ಅಂಗೈಯಲ್ಲಿ ಇಟ್ಟ. ಹಲ್ಲುಗಳು ಇಲಿ ತಿಂದ ಬೆಲ್ಲದಚ್ಚಿನಂತಿದ್ದವು.

ನನ್ನ ಮುಖ ನೋಡಿಯೋ ಏನೋ, ನಾನು ಕೇಳದೆಯೇ ಆತ ಒಂದು ದಾರಿ ತೋರಿಸಿದ. "ಸಾರ್ ಕೇಟ್ಟಾ ಪಲ್ಲು ತೇಂಜು ಪೋಚುನ್ನು ಸೊಲ್ರೇನ್ ಮೇಡಂ. ಪೊಯ್ ಇಲ್ಲಯೇ?" ಯಜಮಾನರು ಕೇಳಿದರೆ ಹಲ್ಲು ಸವೆದಿತ್ತು ಅನ್ನುತ್ತೇನೆ, ಸುಳ್ಳಂತೂ ಅಲ್ಲವಲ್ಲ. ಸುಳ್ಳಲ್ಲ, ನಿಜ. ರಾಜರ ಆಸ್ಥಾನದಲ್ಲಿ ಕೂತು ಚರಿತ್ರೆ ಬರೆದವರೆಲ್ಲ ಹೀಗೇ ಸುಳ್ಳಲ್ಲದ್ದನ್ನೇ ಬರೆದರು.

ಹೊಸ ಮೋಟಾರು ಹಾಕಿಸಿಕೊಂಡು ಬರುವಾಗ ದಾರಿಯುದ್ದಕ್ಕೂ ಎರಡು ಹೇಳಿಕೆಗಳನ್ನು ಸಿದ್ಧಪಡಿಸಿದೆ. ಆ ಮುಕ್ಕಾಲು ಗಂಟೆಗಳು ಕಣ್ಣ ಮುಂದೆ ಬಂದು ನಿಂತವು. ಬಸ್ಸಿನಲ್ಲಿ ಸಹೋದ್ಯೋಗಿಗಳು, ಅವರ ಮಕ್ಕಳ ಮಾರ್ಕ್ಸು, ನನ್ನ ಬಿ.ಪಿ.ಗೆ ಅವರ ಔಷಧಿ. ಸೆಲ್ವಂನ ಹೇಳಿಕೆಯೇ ವಾಸಿ ಎಂದು ನಿರ್ಧರಿಸಿ ಬಾಗಿಲು ತಟ್ಟಿದೆ. ಶ್ರೀಧರ ಬಾಗಿಲು ತೆಗೆದು, "ಏನಂತೆ?" ಎಂದರು. ಬಾಯಿಗೆ ಬಂದದ್ದು ಇನ್ನೊಂದು. "ನನ್ನ ಕೈಯಂತೆ," ಎಂದು ಕೀಲಿ ಚಾಚಿದೆ.

ಅವರು ಗೆದ್ದವರಂತೆ ನಗಲಿಲ್ಲ. ಕೀಲಿಯನ್ನು ತಿರುವಿ ತಿರುವಿ ನೋಡಿದರು. ನಾನು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, "ಹೇಳ್ಬಾರ್ದು ಅಂತಿದ್ದೆ ಕಣೇ," ಎಂದು ಸೋಫಾದ ಮೇಲೆ ಕೂತರು. "ನಂಗೂ ಎರಡ್ಸಲ ಆಗಿತ್ತು. ಸಿಗ್ನಲ್ಲಲ್ಲಿ ಆಫ್ ಮಾಡಿದೀನಿ ಅಂದ್ಕೊಂಡು ತಿರುಗಿಸ್ಬಿಟ್ಟೆ. ಆಫೇ ಮಾಡಿರ್ಲಿಲ್ಲ."

"ನಾನಿರ್ಲಿಲ್ವಾ?"

"ಒಂದ್ಸಲ ನೀನಿದ್ದೆ. ನಿಮ್ಮಕ್ಕನ ಜೊತೆ ಫೋನಲ್ಲಿದ್ದೆ. ನಾನು ತಕ್ಷಣ ರೇಡಿಯೋ ಜೋರು ಮಾಡ್ದೆ."

ದಿನಚರಿ ತೆಗೆದು ನೋಡಿದೆ. ಆ ಭಾನುವಾರದ ಕೆಳಗೆ ನನ್ನದೇ ಅಕ್ಷರದಲ್ಲಿತ್ತು: 'ಇವರಿಗೆ ಇವತ್ತು ಬಹಳ ಖುಷಿ. ದಾರಿಯುದ್ದಕ್ಕೂ ಹಾಡು.'

"ಕೀಲಿ ನೀನೇ ಇಟ್ಕೋ," ಎಂದರು ಶ್ರೀಧರ. "ನಂಗೆ ಬಸ್ಸಲ್ಲೇ ಚೆನ್ನಾಗಿ ನಿದ್ದೆ ಬರೋದು."

ಮುಂದಿನ ವಾರ ಬೆಸೆಂಟ್ ನಗರದ ಅಕ್ಕನ ಮನೆಯಲ್ಲಿ, ಕಾರಿಗೇನಾಗಿತ್ತೇ ಎಂದು ಅವಳು ಕೇಳಿದಾಗ, ಕಥೆಯನ್ನು ಎಲ್ಲಿಂದಾದರೂ ಶುರುಮಾಡಬೇಕಲ್ಲ, ಸಿಗ್ನಲ್ಲಿನಿಂದ ಶುರುಮಾಡಿದೆ. ರೇಡಿಯೋದ ಭಾಗಕ್ಕೆ ಬರುವಾಗ ಅಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಕಾಫಿ ಬಂತು. ನನ್ನ ಪಾಲಿನ ಅಧ್ಯಾಯ ಹೇಳುವುದು ಉಳಿಯಿತು. ಸ್ಟಾಫ್ ರೂಮಿನಲ್ಲಿ ಹೇಳಿದಾಗಲೂ ಸರಿಯಾಗಿ ಅಲ್ಲಿಗೇ ಬೆಲ್ಲು ಹೊಡೆಯಿತು. ಇಲ್ಲಿಯವರೆಗೆ ಆರೇಳು ಕಡೆ ಹೇಳಿಯಾಗಿದೆ, ಹೇಳಿದಷ್ಟೂ ಕಥೆ ಕುದುರುತ್ತಿದೆ. ಮೊನ್ನೆ ಒಂದು ಮದುವೆಯ ಊಟದಲ್ಲಿ ಎದುರಿಗೆ ಕೂತವರು, "ಏನ್ರೀ ಶ್ರೀಧರ್, ಮೋಟಾರಿನ ಹಲ್ಲೆಲ್ಲ ನೀವೇ ಉದುರಿಸಿದ್ರಂತೆ?" ಎಂದರೆ, ಪಾಪ, ಬಾಯಿ ತುಂಬ ಹೋಳಿಗೆ ಇದ್ದವರು ಸುಮ್ಮನೆ ತಲೆಯಾಡಿಸಿದರು. ನಾನು ಪಕ್ಕದಲ್ಲೇ ಇದ್ದೆ, ತಿದ್ದಬಹುದಿತ್ತು. ಆದರೆ ಈಚೀಚೆಗೆ ನನಗೂ ಹಾಗೇ ನೆನಪಿದೆ.